ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಪೆಟ್ಟೋ? ಚಿಲ್ಲರೆ ನಾಣ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಲ್ಲರೆ ಎಣಿಸುತ್ತಿರುವಾಗ ಒಂದು ನಾಣ್ಯ ಬೇರೆ ಥರ ಕಾಣುತ್ತದೆ. ಅಂಚು ದಪ್ಪಗಿದೆ, ಇಲ್ಲವೇ ಅಕ್ಷರಗಳು ಜೋಡಿಯಾಗಿವೆ, ಇಲ್ಲವೇ ಒಂದು ಚೂರು ಹಾರಿಹೋಗಿದೆ. ಇದು ಟಂಕಸಾಲೆಯಲ್ಲೇ ಆದ ತಪ್ಪಾ, ಹೊರಗೆ ಬಂದ ಮೇಲೆ ತಿಂದ ಪೆಟ್ಟಾ? ಎರರ್ ನಾಣ್ಯ ಕೂಡಿಡುವ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದೇ. ತೋರಿಸಲು ತಂದ ನಾಣ್ಯಗಳಲ್ಲಿ ಹೆಚ್ಚಿನವು ಪೆಟ್ಟು ತಿಂದವೇ ಆಗಿರುತ್ತವೆ. ಆದರೆ ನಿಜವಾದ ಎರರ್ ಒಂದನ್ನು ಯಾರೋ ಹಾಳಾದ ನಾಣ್ಯ ಅಂದುಕೊಂಡು ಖರ್ಚು ಮಾಡಿಬಿಟ್ಟರೆ ನನಗೆ ಇನ್ನೂ ಜಾಸ್ತಿ ಬೇಸರವಾಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆದಿದ್ದೇನೆ.

ಎರರ್ ನಾಣ್ಯ ಅಂದರೆ ಏನು?

ನಾಣ್ಯ ತಯಾರಾಗುವಾಗಲೇ, ಟಂಕಸಾಲೆಯ ಒಳಗೇ, ಏನೋ ಎಡವಟ್ಟಾಗಿ ಹುಟ್ಟಿದ ನಾಣ್ಯ. ಎಡವಟ್ಟು ಮೂರು ಕಡೆ ಆಗಬಹುದು. ಲೋಹದ ಬಿಲ್ಲೆಯಲ್ಲಿ, ಅಚ್ಚಿನಲ್ಲಿ, ಇಲ್ಲವೇ ಅಚ್ಚು ಬಿಲ್ಲೆಗೆ ಹೊಡೆಯುವ ಆ ಗಳಿಗೆಯಲ್ಲಿ. ಈ ಮೂರರಲ್ಲಿ ಯಾವುದಕ್ಕೂ ಸೇರದಿದ್ದರೆ ಅದು ಆಮೇಲೆ ಆದ ಹಾನಿ. ಅದು ಎಷ್ಟೇ ವಿಚಿತ್ರವಾಗಿ ಕಂಡರೂ ಅಷ್ಟೇ.

ಅಂದರೆ ನಾಣ್ಯ ಹೇಗೆ ಮಾಡುತ್ತಾರೆ ಅನ್ನೋದು ಗೊತ್ತಿರಬೇಕಾ?

ಗೊತ್ತಿರಲೇಬೇಕು. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಪುಣ್ಯಕ್ಕೆ ಕಥೆ ಚಿಕ್ಕದು.

ಲೋಹದ ಉದ್ದನೆಯ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಪಂಚ್ ಮಾಡಿ ತೆಗೆಯುತ್ತಾರೆ. ಅವನ್ನು ಕುಲುಮೆಯಲ್ಲಿ ಕಾಯಿಸಿ ಮೆದು ಮಾಡುತ್ತಾರೆ, ತೊಳೆಯುತ್ತಾರೆ. ಆಮೇಲೆ ಬಿಲ್ಲೆಯ ಅಂಚನ್ನು ಸುತ್ತಲೂ ಒತ್ತಿ ಸಣ್ಣ ಕಟ್ಟೆಯ ಥರ ಮೇಲೆಬ್ಬಿಸುತ್ತಾರೆ. ಈ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಸುತ್ತ ಕಾಲರ್ ಅನ್ನುವ ಉಕ್ಕಿನ ಬಳೆ. ಅಚ್ಚು ಹೊಡೆದಾಗ ಲೋಹ ಅರಗಿನ ಥರ ಹರಿದು ಅಚ್ಚಿನ ಗುಳಿಗಳಲ್ಲಿ ತುಂಬಿಕೊಳ್ಳುತ್ತದೆ. ಪಕ್ಕಕ್ಕೆ ಹರಡದ ಹಾಗೆ ಕಾಲರ್ ತಡೆಯುತ್ತದೆ. ಅಂಚಿನ ಸಣ್ಣ ಗೀರುಗಳೂ ಕಾಲರಿನಿಂದಲೇ ಬರುತ್ತವೆ. ಈಗಿನ ಪ್ರೆಸ್ಸುಗಳು ನಿಮಿಷಕ್ಕೆ 700ಕ್ಕೂ ಹೆಚ್ಚು ನಾಣ್ಯ ಹೊಡೆಯುತ್ತವೆ. ಅಂದರೆ ಒಂದು ನಾಣ್ಯಕ್ಕೆ ಸಿಗುವುದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತು.

ಲೋಹ ಹೀಗೆ ಹರಿಯುವುದು ಆ ಒಂದು ಹೊಡೆತದಲ್ಲಿ ಮಾತ್ರ. ಆಮೇಲೆ ಏನೇ ಮಾಡಿದರೂ ಲೋಹವನ್ನು ತಳ್ಳಬಹುದು, ಕೆರೆಯಬಹುದು, ಕರಗಿಸಬಹುದು. ಅಚ್ಚಿನೊಳಗೆ ಹರಿದ ಹಾಗೆ ಹರಿಸಲು ಆಗುವುದಿಲ್ಲ.

ಎಲ್ಲಿಂದ ನೋಡಲು ಶುರು ಮಾಡಲಿ?

ಗುರುತು ಉಬ್ಬಿದೆಯಾ, ತಗ್ಗಾಗಿದೆಯಾ ನೋಡಿ.

ಅಚ್ಚಿನಲ್ಲಿ ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ಹಾಗಾಗಿ ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಬರುತ್ತದೆ. ಚಾಕು ಗೀರಿದರೆ ತಗ್ಗು ಗೆರೆ ಬರುತ್ತದೆ. ಆ ಗೆರೆಯ ಎರಡೂ ದಂಡೆಯಲ್ಲಿ, ನೇಗಿಲ ಸಾಲಿನ ಪಕ್ಕ ಮಣ್ಣು ಏಳುವ ಹಾಗೆ, ಲೋಹ ಸ್ವಲ್ಪ ಎದ್ದಿರುತ್ತದೆ. ತಗ್ಗು ಕಂಡರೆ ‘ಇಲ್ಲಿದ್ದ ಲೋಹ ಎಲ್ಲಿಗೆ ಹೋಯಿತು?’ ಅಂತ ಕೇಳಿ. ಉಬ್ಬು ಕಂಡರೆ ‘ಈ ಲೋಹ ಎಲ್ಲಿಂದ ಬಂತು?’ ಅಂತ ಕೇಳಿ. ಪಕ್ಕದಲ್ಲೇ ದಿಣ್ಣೆ ಕಂಡರೆ ಅದು ಪೆಟ್ಟು.

ತಗ್ಗೆಲ್ಲ ಹಾನಿಯೇ ಅಂತಲೂ ಅಲ್ಲ. ಅಚ್ಚು ಮತ್ತು ಬಿಲ್ಲೆಯ ನಡುವೆ ತಂತಿಯೋ ದಾರವೋ ಸಿಕ್ಕಿಕೊಂಡರೆ ನಾಣ್ಯದಲ್ಲಿ ಅದರ ಅಚ್ಚೊತ್ತುತ್ತದೆ. ಆದರೆ ಅಂಥ ತಗ್ಗಿನ ದಂಡೆ ನುಣ್ಣಗಿರುತ್ತದೆ, ದಿಣ್ಣೆ ಏಳುವುದಿಲ್ಲ.

ಏನೇನು ಸಾಮಾನು ಬೇಕು?

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಒಂದು ಅಯಸ್ಕಾಂತ, ಪಕ್ಕದಿಂದ ಬೆಳಕು ಬೀಳುವ ದೀಪ. ವ್ಯಾಸ ಅಳೆಯುವ ಕ್ಯಾಲಿಪರ್ ಇದ್ದರೆ ಇನ್ನೂ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಬಗೆಯ, ಅದೇ ವರ್ಷದ ಒಂದು ಮಾಮೂಲಿ ನಾಣ್ಯ ಪಕ್ಕದಲ್ಲಿರಲಿ. ಹೋಲಿಸದೆ ನೋಡಿದರೆ ಕಣ್ಣು ಬೇಕಾದ್ದನ್ನೇ ಕಾಣುತ್ತದೆ.

ಅಕ್ಷರಗಳು ಜೋಡಿಯಾಗಿ ಕಾಣುತ್ತಿವೆ. ಇದು ಡಬಲ್ ಡೈ ತಾನೇ?

ಇದು ಎಲ್ಲರೂ ಎಡವುವ ಜಾಗ. ಜೋಡಿ ಕಾಣಲು ಕನಿಷ್ಠ ಮೂರು ಕಾರಣಗಳಿವೆ, ಅದರಲ್ಲಿ ಒಂದು ಮಾತ್ರ ಡಬಲ್ ಡೈ, ಅಂದರೆ ಅಚ್ಚಿನಲ್ಲೇ ಚಿತ್ರ ಜೋಡಿಯಾದದ್ದು.

ಅಚ್ಚನ್ನು ತಯಾರಿಸುವಾಗ ಮೂಲ ಮಾದರಿಯನ್ನು ಅದಕ್ಕೆ ಒತ್ತುತ್ತಾರೆ. ಹಿಂದೆಲ್ಲ ಒಂದಕ್ಕಿಂತ ಜಾಸ್ತಿ ಸಲ ಒತ್ತಬೇಕಿತ್ತು. ಎರಡನೇ ಸಲ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಅಚ್ಚಿನಲ್ಲೇ ಚಿತ್ರ ಜೋಡಿಯಾಗುತ್ತಿತ್ತು. ಆ ಅಚ್ಚಿನಿಂದ ಬರುವ ಪ್ರತಿ ನಾಣ್ಯದಲ್ಲೂ ಅದೇ ಜೋಡಿ. ಅಮೆರಿಕದ 1955ರ ಒಂದು ಸೆಂಟ್ ಇದಕ್ಕೆ ಹೆಸರುವಾಸಿ. ಅದರಲ್ಲಿ ಇಸವಿಯೂ ಅಕ್ಷರಗಳೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ.

ಎರಡನೆಯದು ಮಷಿನ್ ಡಬ್ಲಿಂಗ್. ಅಚ್ಚು ಸ್ವಲ್ಪ ಸಡಿಲವಾಗಿದ್ದರೆ ಹೊಡೆದ ಮರುಗಳಿಗೆಯಲ್ಲೇ ಅದುರುತ್ತದೆ. ಆಗತಾನೇ ಮೂಡಿದ ಅಕ್ಷರವನ್ನು ಒಂದು ಬದಿಗೆ ತಳ್ಳಿಬಿಡುತ್ತದೆ. ಇದು ಟಂಕಸಾಲೆಯ ಒಳಗೇ ಆದರೂ ಸಂಗ್ರಾಹಕರು ಎರರ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ದೇಶದ ಚಿಲ್ಲರೆಯಲ್ಲಿ ಹುಡುಕಿದರೂ ಧಾರಾಳವಾಗಿ ಸಿಗುತ್ತದೆ.

ಇವೆರಡನ್ನು ಬೇರೆ ಮಾಡುವುದು ಹೇಗೆ? ಭೂತಗನ್ನಡಿ ಹಿಡಿದು ಒಂದೇ ಒಂದು ಅಂಕಿಯನ್ನು ನೋಡಿ. ಡಬಲ್ ಡೈ ಆಗಿದ್ದರೆ ಎರಡನೇ ಅಂಕಿಯೂ ಮೈದುಂಬಿ, ದುಂಡಗೆ ಎದ್ದಿರುತ್ತದೆ. ಎರಡೂ ಸೇರುವ ಮೂಲೆಯಲ್ಲಿ ಚಿಕ್ಕ ‘ವಿ’ ಆಕಾರದ ಕಚ್ಚು ಕಾಣುತ್ತದೆ. ಅಂಕಿ ಒಟ್ಟಾರೆ ದಪ್ಪವಾಗಿರುತ್ತದೆ. ಮಷಿನ್ ಡಬ್ಲಿಂಗ್ ಆದರೆ ಎರಡನೆಯದು ಚಪ್ಪಟೆ. ಗೋಡೆಗೆ ಹೊಡೆದ ಶೆಲ್ಫಿನ ಹಾಗೆ ಅಂಕಿಯ ಪಕ್ಕದಲ್ಲಿ ಒಂದು ಮೆಟ್ಟಿಲು, ಅದೂ ಮಿರಮಿರ ಮಿಂಚುತ್ತದೆ. ಆ ಮೆಟ್ಟಿಲಿಗೆ ಬೇಕಾದ ಲೋಹ ಅಂಕಿಯಿಂದಲೇ ಹೋಗಿರುತ್ತದೆ, ಹಾಗಾಗಿ ಅಸಲಿ ಅಂಕಿ ತೆಳುವಾಗಿರುತ್ತದೆ. ಅಕ್ಷರ ದಪ್ಪ ಆಗಿದೆಯಾ, ತೆಳು ಆಗಿದೆಯಾ ಅನ್ನುವ ಈ ಒಂದು ಪ್ರಶ್ನೆಗೆ ಅರ್ಧಕ್ಕಿಂತ ಜಾಸ್ತಿ ಗೊಂದಲ ಬಗೆಹರಿಯುತ್ತದೆ.

ಮೂರನೆಯದು ಸವೆದ ಅಚ್ಚು. ಲಕ್ಷಗಟ್ಟಲೆ ನಾಣ್ಯ ಹೊಡೆದ ಅಚ್ಚಿನ ಅಂಚುಗಳು ಮೊಂಡಾಗುತ್ತವೆ. ಅಕ್ಷರದ ಸುತ್ತ ಮಸುಕು ನೆರಳು ಬರುತ್ತದೆ. ಕಚ್ಚೂ ಇಲ್ಲ, ಸ್ಪಷ್ಟ ಮೆಟ್ಟಿಲೂ ಇಲ್ಲ, ಊದಿಕೊಂಡ ಹಾಗೆ ಇರುತ್ತದೆ. ವಿಚಿತ್ರ ನೋಡಿ, ಅದೇ 1955ರ ಸೆಂಟಿನಲ್ಲೇ ಈ ಬಗೆಯದೂ ಇದೆ. ಅದರಲ್ಲಿ ಕೊನೆಯ 5 ಮಾತ್ರ ಜೋಡಿಯಾದ ಹಾಗೆ ಕಾಣುತ್ತದೆ. ‘ಬಡವರ ಡಬಲ್ ಡೈ’ ಅಂತ ಅದಕ್ಕೆ ಹೆಸರೇ ಬಿದ್ದಿದೆ. ಅದು ಸವೆತ ಅಷ್ಟೇ.

ಅಂಚಿನಿಂದ ಒಂದು ಚೂರು ಕತ್ತರಿಸಿದ ಹಾಗಿದೆ. ಇದು ನಿಜವಾದ ಕ್ಲಿಪ್ಪಾ?

ನನಗೆ ತುಂಬಾ ಇಷ್ಟವಾದ ಎರರ್ ಇದು. ಇದು ತನ್ನ ಸಾಕ್ಷಿಯನ್ನು ತಾನೇ ಹೊತ್ತುಕೊಂಡು ಬರುತ್ತದೆ.

ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಪಂಚ್, ಆಗಲೇ ಬಿಲ್ಲೆ ತೆಗೆದ ತೂತಿನ ಮೇಲೆ ಅರ್ಧಂಬರ್ಧ ಬೀಳುತ್ತದೆ. ಆಗ ಬರುವ ಬಿಲ್ಲೆ ಕಚ್ಚಿ ತಿಂದ ಚಂದ್ರನ ಹಾಗಿರುತ್ತದೆ. ಇದನ್ನೇ ಕ್ಲಿಪ್ ಅನ್ನುತ್ತಾರೆ. ಮೊದಲು ಆ ಕಚ್ಚಿನ ಬಾಗು ನೋಡಿ. ಅದು ಅದೇ ನಾಣ್ಯದ ದುಂಡಿಗೆ ಹೊಂದಬೇಕು. ಪಟ್ಟಿಯ ತುದಿಯಲ್ಲಿ ಬಿದ್ದ ಪಂಚ್ ಆದರೆ ಕಚ್ಚು ನೇರವಾಗಿರುತ್ತದೆ.

ಆಮೇಲೆ ಕಚ್ಚಿಗೆ ಸರಿಯಾಗಿ ಎದುರಿನ ಅಂಚನ್ನು ನೋಡಿ. ಕಟ್ಟೆ ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರುಗಡೆಯೂ ಒತ್ತಡ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಅಂಚು ಮಂಕಾಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಇದಕ್ಕೆ ಬ್ಲೇಕ್ಸ್ಲಿ ಪರಿಣಾಮ ಅನ್ನುತ್ತಾರೆ. ಇಕ್ಕಳದಲ್ಲಿ ಕತ್ತರಿಸುವವರಿಗೆ ಎದುರಿನ ಅಂಚನ್ನು ಹೀಗೆ ಮಂಕು ಮಾಡುವುದು ಸುಲಭವಲ್ಲ. ಎಲ್ಲ ಅಸಲಿ ಕ್ಲಿಪ್ಪಿನಲ್ಲೂ ಇದು ಎದ್ದು ಕಾಣುವುದಿಲ್ಲ ಅನ್ನೋದೂ ನೆನಪಿರಲಿ.

ಕೊನೆಗೆ ಕಚ್ಚಿನ ಪಕ್ಕದ ಅಕ್ಷರಗಳು. ಅಸಲಿಯಲ್ಲಿ ಅವು ಕಚ್ಚಿನ ಕಡೆಗೆ ಸ್ವಲ್ಪ ಎಳೆದ ಹಾಗೆ, ಕರಗಿದ ಹಾಗೆ ಇರುತ್ತವೆ. ಹೊಡೆತ ಬಿದ್ದಾಗ ಆ ಜಾಗದಲ್ಲಿ ಲೋಹ ಕಾಲರಿಗೆ ತಾಗಿರಲಿಲ್ಲ, ತಡೆಯಿಲ್ಲದೆ ಅತ್ತ ಜಾರಿತು. ಆಮೇಲೆ ಕತ್ತರಿಸಿದ್ದರೆ ಅಕ್ಷರ ನೇರವಾಗಿ ಕಡಿದುಹೋಗಿರುತ್ತದೆ, ಅಂಚಿನಲ್ಲಿ ಅರದ ಗೀರೋ ಚುಚ್ಚುವ ಮುಳ್ಳೋ ಇರುತ್ತದೆ.

ಅಂಚು ದಪ್ಪಗೆ, ಒಳಕ್ಕೆ ಮಡಚಿದ ಹಾಗಿದೆ. ನಾಣ್ಯವೂ ಸ್ವಲ್ಪ ಚಿಕ್ಕದು. ಇಂಥದ್ದು ಎಲ್ಲೂ ನೋಡಿಲ್ಲ.

ಇದು ಬಟ್ಟೆ ಒಣಗಿಸುವ ಯಂತ್ರದ ಕೆಲಸ. ಡ್ರಮ್ಮಿನ ಸಂದಿಯಲ್ಲಿ ಸಿಕ್ಕಿಕೊಂಡ ನಾಣ್ಯ ತಿಂಗಳುಗಟ್ಟಲೆ ಉರುಳಾಡುತ್ತದೆ. ಸಾವಿರಾರು ಸಣ್ಣ ಪೆಟ್ಟುಗಳು ಅಂಚಿಗೇ ಬೀಳುತ್ತವೆ. ಅಂಚು ಮಡಚಿ, ದಪ್ಪಗಾಗಿ, ಹತ್ತಿರದ ಅಕ್ಷರಗಳ ಮೇಲೆ ಬಾಗುತ್ತದೆ. ಅಂಚಿನ ಗೀರುಗಳು ಅಳಿಸಿಹೋಗುತ್ತವೆ. ಮಧ್ಯದ ಚಿತ್ರ ಮಾತ್ರ ಹೆಚ್ಚು ಕಡಿಮೆ ಹಾಗೇ ಉಳಿದಿರುತ್ತದೆ, ಅದಕ್ಕೇ ನೋಡಿದವರಿಗೆ ನಂಬಿಕೆ ಬರುತ್ತದೆ. ತೂಕ ಬಹುತೇಕ ಸರಿ ಇದ್ದು ವ್ಯಾಸ ಮಾತ್ರ ಕಡಿಮೆ ಇದ್ದರೆ ಬೇರೆ ಸಾಕ್ಷಿ ಬೇಡ.

ಅಂಚಿನ ಒಳಗೆ ಸುತ್ತಲೂ ಒಂದು ದುಂಡು ಗೀರು ಇದೆಯಲ್ಲ?

ನಾಣ್ಯ ಎಣಿಸಿ ಸುರುಳಿ ಕಟ್ಟುವ ಯಂತ್ರದ ಗುರುತು. ಗೀರು ತಗ್ಗಾಗಿ, ಹೊಳೆಯುತ್ತಾ, ಅಕ್ಷರಗಳ ಮೇಲೇ ಹಾದುಹೋಗಿರುತ್ತದೆ.

ಒಂದು ಬದಿಯಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇವೆ. ಇದು ಅಪರೂಪದ್ದಾ?

ಆಗಿರಬಹುದು. ಇಲ್ಲಿ ನಿಧಾನವಾಗಿ ನೋಡಬೇಕು.

ಹೊಡೆದ ನಾಣ್ಯ ಹೊರಗೆ ಬೀಳದೆ ಅಚ್ಚಿಗೆ ಅಂಟಿಕೊಂಡರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ಒಂದು ಬದಿ ಸರಿಯಾದ ಚಿತ್ರ, ಇನ್ನೊಂದು ಬದಿ ಅದೇ ಚಿತ್ರದ ಉಲ್ಟಾ, ತಗ್ಗಾದ ಪಡಿಯಚ್ಚು. ಇದನ್ನು ಬ್ರಾಕೇಜ್ ಅನ್ನುತ್ತಾರೆ. ಉಲ್ಟಾ ಚಿತ್ರದ ಬದಿಗೆ ಅಚ್ಚು ತಾಗಲೇ ಇಲ್ಲವಲ್ಲ, ಹಾಗಾಗಿ ಆ ಬದಿಯಲ್ಲಿ ಇರಬೇಕಾಗಿದ್ದ ಚಿತ್ರದ ಸುಳಿವೇ ಪಡಿಯಚ್ಚು ಇರುವ ಜಾಗದಲ್ಲಿ ಇರುವುದಿಲ್ಲ.

ನಾನು ಶುರು ಮಾಡಿದ ಹೊಸತರಲ್ಲಿ ಒಂದು ನಾಣ್ಯವನ್ನು ಬ್ರಾಕೇಜ್ ಅಂತಲೇ ನಂಬಿ ಎರಡು ವರ್ಷ ಜೋಪಾನ ಮಾಡಿದ್ದೆ. ಉಲ್ಟಾ ಅಂಕಿಗಳು ಅಷ್ಟು ಚೆನ್ನಾಗಿ ಕಾಣುತ್ತಿದ್ದವು. ಒಂದು ಸಂಜೆ ದೀಪವನ್ನು ತೀರಾ ಕೆಳಗಿಟ್ಟು ಓರೆಯಾಗಿ ಬೆಳಕು ಬಿಟ್ಟಾಗ ಉಲ್ಟಾ ಅಂಕಿಯ ಕೆಳಗೇ ಮೂಲ ಚಿತ್ರದ ಗೆರೆಗಳು ಕಂಡವು. ಅಂಕಿಗಳು ಆ ಗೆರೆಗಳ ಮೇಲೆ ಕುಳಿತಿದ್ದವು, ಗೆರೆಗಳನ್ನು ತುಳಿದಿದ್ದವು. ನಾಣ್ಯ ತಿರುಗಿಸಿದೆ. ಹಿಂಬದಿಯಲ್ಲಿ ಸರಿಯಾಗಿ ಅದೇ ಜಾಗ ಚಪ್ಪಟೆಯಾಗಿ ಮಿರುಗುತ್ತಿತ್ತು. ಯಾರೋ ಎರಡು ನಾಣ್ಯ ಒಟ್ಟಿಗಿಟ್ಟು, ತಿರುಪು ಬಿಗಿದು ಹಿಡಿಯುವ ವೈಸಿನಲ್ಲಿ ಹಿಂಡಿದ್ದರು. ಒಂದು ನಾಣ್ಯದ ಚಿತ್ರ ಇನ್ನೊಂದಕ್ಕೆ ಒತ್ತಿತ್ತು, ವೈಸಿನ ದವಡೆ ಹಿಂಬದಿಯನ್ನು ಸಪಾಟು ಮಾಡಿತ್ತು. ಅಂದಿನಿಂದ ಉಲ್ಟಾ ಅಕ್ಷರ ಕಂಡ ತಕ್ಷಣ ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ. ನೀವೂ ಹಾಗೇ ಮಾಡಿ.

ಉಲ್ಟಾ ಚಿತ್ರ ಕಾಣಲು ಇನ್ನೊಂದು ದಾರಿಯೂ ಇದೆ. ನಡುವೆ ಬಿಲ್ಲೆಯೇ ಬಾರದೆ ಎರಡು ಅಚ್ಚುಗಳು ಒಂದಕ್ಕೊಂದು ಡಿಕ್ಕಿ ಹೊಡೆದರೆ ಒಂದರ ಗುರುತು ಇನ್ನೊಂದಕ್ಕೆ ಬೀಳುತ್ತದೆ. ಆಮೇಲೆ ಬರುವ ನಾಣ್ಯಗಳಲ್ಲಿ ಹಿಂಬದಿ ಚಿತ್ರದ ಅಂಚುಗೆರೆಗಳು ಖಾಲಿ ಜಾಗದಲ್ಲಿ ಮಸುಕಾಗಿ, ಉಲ್ಟಾ ಮೂಡುತ್ತವೆ. ಇದು ಅಸಲಿಯೇ. ಸಾಮಾನ್ಯವಾಗಿ ಸಿಗುವಂಥದ್ದು, ನೋಡಲು ಚೆಂದ.

ಒಂದು ಅಕ್ಷರವೇ ಇಲ್ಲ. ಸವೆದು ಹೋಗಿರಬಹುದಾ?

ಪಕ್ಕದ ಅಕ್ಷರಗಳನ್ನು ಕೇಳಿ. ಸವೆತ ಎಂದೂ ಒಂದೇ ಅಕ್ಷರವನ್ನು ಹೊತ್ತೊಯ್ಯುವುದಿಲ್ಲ. ಪಕ್ಕದವು ಚೂಪಾಗಿದ್ದು ನಡುವಿನದು ಮಾತ್ರ ಮಾಯವಾಗಿದ್ದರೆ ಎರಡು ಸಾಧ್ಯತೆ ಇವೆ. ಅಚ್ಚಿನ ಆ ಗುಳಿಯಲ್ಲಿ ಗ್ರೀಸ್, ಧೂಳು ಸೇರಿ ಗಟ್ಟಿಯಾಗಿ ಲೋಹ ಒಳಗೆ ಹೋಗದಿರಬಹುದು. ಇಲ್ಲವೇ ಯಾರೋ ಕೆರೆದಿರಬಹುದು.

ಗ್ರೀಸ್ ತುಂಬಿದ್ದರೆ ಆ ಜಾಗದ ನೆಲ ಸುತ್ತಮುತ್ತಲಿನ ಹಾಗೇ ಇರುತ್ತದೆ. ಅಕ್ಷರದ ತೆಳುವಾದ ಭೂತ ಉಳಿದಿರುವುದೂ ಉಂಟು. ಕೆರೆದಿದ್ದರೆ ಅಲ್ಲಿ ಸಣ್ಣ ಗೀರುಗಳು, ಇಲ್ಲವೇ ಸುತ್ತಲಿನ ನೆಲಕ್ಕಿಂತ ಚೂರು ತಗ್ಗು ಇರುತ್ತದೆ. ಅಮೆರಿಕದ 2005ರ ಕಾನ್ಸಸ್ ಕ್ವಾರ್ಟರಿನಲ್ಲಿ (25 ಸೆಂಟಿನ ನಾಣ್ಯ) ‘ಇನ್ ಗಾಡ್ ವಿ ಟ್ರಸ್ಟ್’ ಅನ್ನೋ ಸಾಲಿನ ಟಿ ಹೀಗೇ ಗ್ರೀಸಿನಿಂದ ಮಾಯವಾಗಿ, ಅದು ‘ರಸ್ಟ್’ ಅಂತ, ಅಂದರೆ ತುಕ್ಕು ಅಂತ ಓದುವ ಹಾಗಾಯಿತು.

1937ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆಯ ಬಫಲೋ ನಿಕಲ್ ಅನ್ನುವ 5 ಸೆಂಟಿನ ನಾಣ್ಯದಲ್ಲಿ ಅಚ್ಚನ್ನು ಅತಿಯಾಗಿ ಉಜ್ಜಿದ್ದಕ್ಕೆ ಕಾಡೆಮ್ಮೆಯ ಒಂದು ಮುಂಗಾಲೇ ಹೋಯಿತು. ಮೂರು ಕಾಲಿನ ಆ ನಾಣ್ಯ ಬೇಕು ಅನ್ನುವವರು ಜಾಸ್ತಿಯಾದಂತೆ, ಮಾಮೂಲಿ ನಾಣ್ಯದ ಕಾಲು ಕೆರೆದು ಮಾರುವವರೂ ಹುಟ್ಟಿಕೊಂಡರು. ಅಸಲಿಯಲ್ಲಿ ಹೊಟ್ಟೆಯಿಂದ ನೆಲದವರೆಗೆ ಸಣ್ಣ ಸಣ್ಣ ಉಬ್ಬುಗಳ ಸಾಲೊಂದಿದೆ, ಹಿಂಗಾಲು ನುಸಿ ತಿಂದ ಹಾಗಿದೆ. ಕೆರೆದ ನಾಣ್ಯದಲ್ಲಿ ಕಾಲಿಲ್ಲ, ಆದರೆ ಉಳಿದ ಮೈಯೆಲ್ಲ ಚೊಕ್ಕವಾಗಿರುತ್ತದೆ. ಒಂದು ತಪ್ಪು ನಿಜವಾಗಿದ್ದರೆ ಅದರ ಜೊತೆಗೆ ಬರಬೇಕಾದ ಚಿಕ್ಕ ಚಿಕ್ಕ ಗುರುತುಗಳೂ ಇರಬೇಕು. ನಕಲಿ ಮಾಡುವವರು ದೊಡ್ಡದನ್ನು ಮಾಡಿ ಚಿಕ್ಕದನ್ನು ಮರೆಯುತ್ತಾರೆ.

ಅಂಚಿನ ಹತ್ತಿರ ಒಂದು ಗಡ್ಡೆ ಎದ್ದಿದೆ.

ಅಂಚಿಗೆ ಅಂಟಿಕೊಂಡೇ ಇದೆಯಾ? ಮೇಲೆ ಅಕ್ಷರ, ಚಿತ್ರ ಏನೂ ಇಲ್ಲವಾ? ಹಾಗಾದರೆ ಖುಷಿಪಡಬಹುದು. ಅಚ್ಚಿನ ಅಂಚು ಮುರಿದು ಬಿದ್ದಾಗ ಅಲ್ಲಿನ ಖಾಲಿ ಜಾಗಕ್ಕೆ ಲೋಹ ನುಗ್ಗಿ ಹೀಗೆ ದಿಬ್ಬವಾಗುತ್ತದೆ. ಸಂಗ್ರಾಹಕರು ಕಡ್ ಅನ್ನುತ್ತಾರೆ. ಖಚಿತ ಮಾಡಿಕೊಳ್ಳಲು ಹಿಂಬದಿಯ ಅದೇ ಜಾಗ ನೋಡಿ. ಲೋಹವೆಲ್ಲ ಈ ಕಡೆ ಹರಿದದ್ದರಿಂದ ಆ ಕಡೆ ಚಿತ್ರ ಮಂಕಾಗಿರುತ್ತದೆ.

ಗಡ್ಡೆ ಅಂಚಿಗೆ ಸೇರದೆ ನಡುವೆ ಎಲ್ಲೋ ಗುಳ್ಳೆಯಾಗಿದ್ದರೆ ಲೇಪನದ ಕಡೆ ಅನುಮಾನ ಪಡಿ. 1982ರಿಂದ ಅಮೆರಿಕದ ಸೆಂಟ್ ಒಳಗೆ ಸತು, ಹೊರಗೆ ತಾಮ್ರದ ತೆಳು ಪೊರೆ. ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಂಡರೆ ಗುಳ್ಳೆ ಏಳುತ್ತದೆ. ಒಂದೆರಡು ಗುಳ್ಳೆ ತಯಾರಿಕೆಯ ದೋಷವೇ ಆಗಿರಬಹುದು. ಮೈತುಂಬಾ ಗುಳ್ಳೆ ಎದ್ದು ಬಣ್ಣವೂ ಕೆಟ್ಟಿದ್ದರೆ ಅದನ್ನು ಬೆಂಕಿಗೆ ಹಿಡಿದಿದ್ದಾರೆ. ಅಂಟಿನ ಹನಿ ಬಿದ್ದು ಒಣಗಿದ್ದೂ ಹೀಗೇ ಕಾಣುತ್ತದೆ, ಆದರೆ ಅದು ಲೋಹದ ಹಾಗೆ ಹೊಳೆಯುವುದಿಲ್ಲ.

ಬಣ್ಣವೇ ಬೇರೆ ಇದೆ! ಬೇರೆ ಲೋಹದ ಬಿಲ್ಲೆ ಇರಬಹುದಾ?

ಬಣ್ಣವನ್ನು ಯಾವತ್ತೂ ಒಂಟಿಯಾಗಿ ನಂಬಬೇಡಿ. ಮಣ್ಣಿನಲ್ಲಿ ಹೂತಿದ್ದ ತಾಮ್ರ-ನಿಕಲ್ ನಾಣ್ಯ ಕಂದು ಬಣ್ಣಕ್ಕೆ ತಿರುಗುತ್ತದೆ. ಚಿನ್ನದ ಬಣ್ಣದ ಲೇಪನವನ್ನು ಯಾರು ಬೇಕಾದರೂ ಹಾಕಿಸಬಹುದು. ತಾಮ್ರದ ನಾಣ್ಯಕ್ಕೆ ಸತು ಹಚ್ಚಿ ಬೆಳ್ಳಗೆ ಮಾಡಿ, ಮತ್ತೆ ಕಾಯಿಸಿ ಹಿತ್ತಾಳೆ ಬಣ್ಣಕ್ಕೆ ತರುವುದು ಶಾಲೆಯ ರಸಾಯನಶಾಸ್ತ್ರದ ಹಳೇ ಪ್ರಯೋಗ. ಅಂಥ ನಾಣ್ಯಗಳು ಪ್ರತಿ ವರ್ಷ ಚಲಾವಣೆಗೆ ಮರಳುತ್ತವೆ.

ಇಲ್ಲಿ ತಕ್ಕಡಿ ಮಾತಾಡಲಿ. ಅಮೆರಿಕದವರು 1943ರಲ್ಲಿ ತಾಮ್ರ ಉಳಿಸಲು ಸತು ಲೇಪಿಸಿದ ಉಕ್ಕಿನಲ್ಲಿ ಸೆಂಟ್ ಹೊಡೆದರು. ತೂಕ ಸುಮಾರು 2.70 ಗ್ರಾಂ. ಹಿಂದಿನ ವರ್ಷದ ಕೆಲವು ಕಂಚಿನ ಬಿಲ್ಲೆಗಳು ಉಳಿದುಕೊಂಡು ಅವುಗಳ ಮೇಲೂ 1943 ಮೂಡಿತು. ಅವುಗಳ ತೂಕ 3.11 ಗ್ರಾಂ. ಅವು ತುಂಬಾ ವಿರಳ. ಆಮೇಲೆ ಜನ ಉಕ್ಕಿನ ಸೆಂಟಿಗೇ ತಾಮ್ರ ಹಚ್ಚಿದರು. ಅಯಸ್ಕಾಂತ ಹಿಡಿದರೆ ಸಾಕು, ಉಕ್ಕು ಹಾರಿ ಅಂಟಿಕೊಳ್ಳುತ್ತದೆ. ಆಗ ಇನ್ನೂ ಕೆಲವರು 1948ರ ಕಂಚಿನ ನಾಣ್ಯದ 8 ಕೆರೆದು 3 ಮಾಡಿದರು. ಅದಕ್ಕೆ ಅಯಸ್ಕಾಂತವೂ ತಕ್ಕಡಿಯೂ ಸಾಲದು, ಅಂಕಿಯ ಆಕಾರವನ್ನೇ ನೋಡಬೇಕು.

ಪದರಗಳ ನಾಣ್ಯದಲ್ಲಿ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕೆಂಪು ತಾಮ್ರದ ಹಾಗಿದ್ದರೆ ಮೇಲಿನ ಪೊರೆ ಬಿಟ್ಟುಹೋದ ಎರರ್ ಇರಬಹುದು. ಆಗ ತೂಕ ಖಂಡಿತ ಕಡಿಮೆ ಬರಬೇಕು. ಅಮೆರಿಕದ ಕ್ವಾರ್ಟರಿನಲ್ಲಿ ಒಂದು ಪೊರೆ ಅಂದರೆ ಒಟ್ಟು 5.67 ಗ್ರಾಂನಲ್ಲಿ ಸುಮಾರು ಆರನೇ ಒಂದು ಭಾಗ. ತೂಕ ಪೂರ್ತಿ ಇದ್ದರೆ ಅದು ಸುಮ್ನೆ ಕಲೆ.

ಎರಡು ಲೋಹದ ನಾಣ್ಯದಲ್ಲಿ ನಡುವಿನ ಬಿಲ್ಲೆ ಬಿದ್ದುಹೋಗಿದೆ. ಇದು ಎರರಾ?

ಹೆಚ್ಚಾಗಿ ಅಲ್ಲ. ಸುತ್ತಿಗೆಯಲ್ಲಿ ತಟ್ಟಿ ನಡುವಿನದನ್ನು ಬೀಳಿಸುವುದು ಕಷ್ಟವೇನಲ್ಲ. ಬಳೆ ಮತ್ತು ಬಿಲ್ಲೆ ಒಂದಾಗುವುದು ಅಚ್ಚಿನ ಹೊಡೆತದಲ್ಲೇ. ನಡುವೆ ಬಿಲ್ಲೆ ಇಲ್ಲದೆ ಬರೀ ಬಳೆಗೇ ಹೊಡೆತ ಬಿದ್ದಿದ್ದರೆ ಲೋಹ ತೂತಿನ ಕಡೆ ಜಾರಿ, ತೂತಿನ ದಂಡೆ ದುಂಡಗಾಗಿ ಏರುಪೇರಾಗಿರುತ್ತದೆ. ಆಮೇಲೆ ಬೀಳಿಸಿದ್ದರೆ ದಂಡೆ ನೇರ, ಬಿಲ್ಲೆ ಕೂತಿದ್ದ ಗುರುತು ಸ್ಪಷ್ಟ, ಒಂದೆರಡು ಆಯುಧದ ಕಲೆಯೂ ಇರುತ್ತದೆ. ಬಿಲ್ಲೆ ಪಕ್ಕಕ್ಕೆ ಸರಿದು ಬಳೆಯ ಮೇಲೆ ಹತ್ತಿ ಕುಳಿತ ನಾಣ್ಯ ಸಿಕ್ಕರೆ ಮಾತ್ರ, ಚಿತ್ರ ಎರಡು ಲೋಹದ ಮೇಲೂ ಮುರಿಯದೆ ಹರಿದಿದೆಯಾ ನೋಡಿ. ಹರಿದಿದ್ದರೆ ಹೊಡೆತದ ಹೊತ್ತಿಗೇ ಬಿಲ್ಲೆ ಅಲ್ಲಿತ್ತು ಅಂತ ಅರ್ಥ.

ನಾಣ್ಯ ತೀರಾ ತೆಳುವಾಗಿ, ಹಗುರವಾಗಿದೆ.

ಆಸಿಡ್ ಇರಬಹುದು. ಆಸಿಡ್ ಭೇದ ಮಾಡುವುದಿಲ್ಲ. ಅಕ್ಷರ, ಅಂಚು, ಗೀರು ಎಲ್ಲವನ್ನೂ ಸಮನಾಗಿ ತಿನ್ನುತ್ತದೆ. ವ್ಯಾಸವೂ ಚೂರು ಕಡಿಮೆಯಾಗುತ್ತದೆ, ಮೈ ಮರಳು ಮರಳಾಗುತ್ತದೆ. ತೆಳು ಪಟ್ಟಿಯಿಂದ ಬಂದ ಅಸಲಿ ಬಿಲ್ಲೆಯಾದರೆ ವ್ಯಾಸ ಸರಿಯಾಗಿರುತ್ತದೆ. ಚಿತ್ರ ಪೂರ್ತಿ ಮೂಡಿರುವುದಿಲ್ಲ, ಆದರೆ ಮೈಯ ಹೊಳಪು ಮಾಮೂಲಿಯೇ.

ಇದು ಉಳಿದವಕ್ಕಿಂತ ಅಗಲವಾಗಿದೆಯಲ್ಲ?

ಕಾಲರ್ ಸರಿಯಾಗಿ ಕೂರದಿದ್ದಾಗ ಬಿಲ್ಲೆ ಹರಡಿಕೊಂಡು ಅಗಲವಾಗುತ್ತದೆ. ಅಂಚಿನ ಗೀರುಗಳು ಇರುವುದಿಲ್ಲ. ಆದರೆ ನಡುವಿನ ಚಿತ್ರ ಚೂಪಾಗಿ, ಸರಿಯಾದ ಅಳತೆಯಲ್ಲೇ ಇರುತ್ತದೆ. ಹೊರಗಿನ ಅಕ್ಷರಗಳು ಮಾತ್ರ ಅಂಚಿನ ಕಡೆ ಹಿಗ್ಗಿರುತ್ತವೆ. ಬಿಲ್ಲೆ ನಡುವಿನಲ್ಲಿ ಕೂರದೆ ಪಕ್ಕಕ್ಕೆ ಸರಿದಿದ್ದರೆ ಒಂದು ಕಡೆ ಅರ್ಧಚಂದ್ರದಷ್ಟು ಜಾಗ ಖಾಲಿ ಉಳಿಯುತ್ತದೆ. ಇದನ್ನು ಆಮೇಲೆ ಮಾಡಲು ಆಗುವುದೇ ಇಲ್ಲ ಅನ್ನಬಹುದು.

ಇನ್ನು ಕೆಲವರು ಚರ್ಮವೋ ಮರವೋ ಕೆಳಗಿಟ್ಟು ನಾಣ್ಯವನ್ನು ಬಡಿಯುತ್ತಾರೆ. ನೇರ ಪೆಟ್ಟಿನ ಗುರುತು ಬೀಳದೆ ನಾಣ್ಯ ಹಿಗ್ಗುತ್ತದೆ. ಆದರೆ ಆಗ ನಡುವಿನ ಚಿತ್ರವೂ ಸೇರಿ ಎಲ್ಲವೂ ದೊಡ್ಡದಾಗಿ, ಮಂಜಾಗಿ ಹರಡಿರುತ್ತದೆ.

ಎರಡೂ ಕಡೆ ತಲೆಯೇ ಇದೆ.

ಬಹುತೇಕ ಜಾದೂಗಾರರ ನಾಣ್ಯ. ಒಂದು ನಾಣ್ಯದ ಒಳಭಾಗ ಕೊರೆದು, ಇನ್ನೊಂದನ್ನು ತೆಳುವಾಗಿ ಅರೆದು ಅದರೊಳಗೆ ಕೂರಿಸಿರುತ್ತಾರೆ. ಅಂಚಿನ ಒಳಬದಿಯಲ್ಲಿ ಉಗುರು ಆಡಿಸಿ, ಸುತ್ತಲೂ ಸಂದು ತಾಗುತ್ತದೆ. ಕಲ್ಲಿನ ಮೇಲೆ ಬೀಳಿಸಿದರೆ ಠಣ್ ಅನ್ನದೆ ಟಪ್ ಅನ್ನುತ್ತದೆ.

ಹೊಂದದ ಎರಡು ಅಚ್ಚು ಜೊತೆಯಾದ ಅಸಲಿ ನಾಣ್ಯಗಳೂ ಇವೆ. ಬ್ರಿಟನ್ನಿನಲ್ಲಿ 2008ರಲ್ಲಿ ವಿನ್ಯಾಸ ಬದಲಿಸಿದಾಗ 20 ಪೆನ್ಸಿನ ಇಸವಿ ಒಂದು ಬದಿಯಿಂದ ಇನ್ನೊಂದಕ್ಕೆ ಹೋಯಿತು. ಹಳೇ ಮುಂಬದಿಗೆ ಹೊಸ ಹಿಂಬದಿ ಸೇರಿ, ಇಸವಿಯೇ ಇಲ್ಲದ ನಾಣ್ಯಗಳು ಹೊರಬಿದ್ದವು. ಆಸ್ಟ್ರೇಲಿಯಾದ 2000ದ ಒಂದು ಡಾಲರಿಗೆ 10 ಸೆಂಟಿನ ಮುಂಬದಿ ಅಚ್ಚು ಬಿದ್ದು ಎರಡು ಅಂಚು ಕಾಣುವ ನಾಣ್ಯ ಬಂತು. ಇವು ಚಿಲ್ಲರೆಯಲ್ಲೇ ಸಿಕ್ಕಂಥವು. ಹಾಗಾಗಿ ಕಣ್ಣಿಗೆ ಎಣ್ಣೆ ಬಿಟ್ಟು ನೋಡುವುದಕ್ಕೆ ಅರ್ಥವಿದೆ.

ತಿರುಗಿಸಿದರೆ ಹಿಂಬದಿ ತಲೆಕೆಳಗಾಗಿದೆ. ಇದು ಎರರಾ?

ಮೊದಲು ಆ ದೇಶದ ಪದ್ಧತಿ ನೋಡಿ. ಅಮೆರಿಕದ ನಾಣ್ಯಗಳಲ್ಲಿ ಎರಡು ಬದಿ ಒಂದಕ್ಕೊಂದು ತಲೆಕೆಳಗಾಗಿಯೇ ಇರುತ್ತವೆ. ಯೂರೋ ಮತ್ತು ಬ್ರಿಟಿಷ್ ನಾಣ್ಯಗಳಲ್ಲಿ ಎರಡೂ ಒಂದೇ ದಿಕ್ಕು. ಪದ್ಧತಿಗೆ ಮೀರಿ ಚೆನ್ನಾಗಿ ತಿರುಗಿದ್ದರೆ ಎರರ್. ಇದನ್ನು ಹೊರಗೆ ಯಾರೂ ಸುಲಭವಾಗಿ ಮಾಡಲಾರರು.

ಕೊಳೆಯಾಗಿದೆ. ತೊಳೆದು ನೋಡಲಾ?

ಬೇಡ. ದಯವಿಟ್ಟು ಬೇಡ. ಹುಳಿ, ಪಾಲಿಶ್, ಬ್ರಷ್ ಯಾವುದೂ ಮುಟ್ಟಬಾರದು. ಹೊಡೆತದಲ್ಲಿ ಲೋಹ ಹರಿದಾಗ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯ ಓರೆ ಮಾಡಿದಾಗ ಬೆಳಕು ಚಕ್ರದ ಹಾಗೆ ಸುತ್ತುವುದು ಅವುಗಳಿಂದಲೇ. ಉಜ್ಜಿದರೆ ಅವು ಹೋಗುತ್ತವೆ, ಅವುಗಳ ಜೊತೆ ಸಾಕ್ಷಿಯೂ ಹೋಗುತ್ತದೆ. ಅಂಚು ಹಿಡಿದು ಎತ್ತಿ, ಪಿವಿಸಿ ಇಲ್ಲದ ಕವರಿನಲ್ಲಿಡಿ.

ಎರರ್ ಅಂತ ಖಚಿತವಾದರೆ ತುಂಬಾ ಬೆಲೆ ಬರುತ್ತದಾ?

ಎಲ್ಲದಕ್ಕೂ ಇಲ್ಲ. ಸಣ್ಣ ಬಿರುಕು, ಚೂರು ತಿರುಗಿದ ಹಿಂಬದಿ, ಗ್ರೀಸಿಗೆ ಮಂಕಾದ ಅಕ್ಷರ ಇವೆಲ್ಲ ಅಸಲಿಯಾದರೂ ಬೇಕಾದಷ್ಟಿವೆ. ದೊಡ್ಡದಾಗಿ ಎದ್ದು ಕಾಣುವ, ಇಸವಿ ಓದಲು ಬರುವ, ಸವೆಯದ ನಾಣ್ಯಗಳಿಗೆ ಬೇಡಿಕೆ ಜಾಸ್ತಿ. ಮೊಬೈಲಿನಲ್ಲಿ ಹರಿದಾಡುವ ‘ಈ ನಾಣ್ಯ ನಿಮ್ಮಲ್ಲಿದೆಯಾ, ನೀವೇ ಲಕ್ಷಾಧಿಪತಿ’ ವಿಡಿಯೋಗಳನ್ನು ನಂಬಿ ಯಾರಿಗೂ ಮುಂಗಡ ಹಣ ಕಳಿಸಬೇಡಿ. ನಾಣ್ಯ ಕೊಳ್ಳುವವರು ನಿಮಗೆ ಹಣ ಕೊಡಬೇಕು, ನಿಮ್ಮಿಂದ ಶುಲ್ಕ ಕೇಳಬಾರದು.

ಆದರೂ ಅನುಮಾನ ಉಳಿದಿದೆ. ಬಲ್ಲವರಿಗೆ ತೋರಿಸುವುದು ಹೇಗೆ?

ಎರಡೂ ಬದಿಯ ಪೂರ್ತಿ ಫೋಟೋ ತೆಗೆಯಿರಿ. ವಿಚಿತ್ರ ಇರುವ ಜಾಗದ್ದು ಮಾತ್ರ ಕಳಿಸಿದರೆ ಯಾರೂ ಏನೂ ಹೇಳಲಾರರು. ನೀವೇ ನೋಡಿದಿರಲ್ಲ, ಕ್ಲಿಪ್ಪಿಗೆ ಎದುರಿನ ಅಂಚು ಬೇಕು, ಕಡ್‌ಗೆ ಹಿಂಬದಿ ಬೇಕು. ಅಂಚಿನದೂ ಒಂದು ಇರಲಿ. ಬೆಳಕು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬೀಳಲಿ. ಒಂದೇ ದಿಕ್ಕಿನ ಬೆಳಕಿನಲ್ಲಿ ತಗ್ಗು ಉಬ್ಬಿನಂತೆಯೂ ಉಬ್ಬು ತಗ್ಗಿನಂತೆಯೂ ಕಾಣುತ್ತದೆ. ಜೊತೆಗೆ ತೂಕ, ವ್ಯಾಸ, ಅಯಸ್ಕಾಂತಕ್ಕೆ ಅಂಟುತ್ತದೋ ಇಲ್ಲವೋ, ಇಷ್ಟು ಬರೆಯಿರಿ. ಪಕ್ಕದಲ್ಲಿ ಅದೇ ಬಗೆಯ ಮಾಮೂಲಿ ನಾಣ್ಯ ಇಟ್ಟು ಕೊನೆಯ ಫೋಟೋ ತೆಗೆಯಿರಿ.